ಉದ್ಯೋಗ ಪ್ರಶ್ನೋತ್ತರ: ಅರ್ಜಿ ಹಾಕಿದೆ, ಫೋನ್ ಯಾಕೆ ಬರಲಿಲ್ಲ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವರ ಅಳಲು ಒಂದೇ: ಅರ್ಜಿ ಹೋಗುತ್ತದೆ, ಉತ್ತರ ಬರುವುದಿಲ್ಲ. ಬಂದರೂ ಸಂದರ್ಶನದಾಚೆಗೆ ದಾಟುವುದಿಲ್ಲ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಬಿ.ಕಾಂ. ಮುಗಿದು ಎರಡು ವರ್ಷ, ಟ್ಯಾಲಿ ಕೋರ್ಸೂ ಆಗಿದೆ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ನೂರಕ್ಕೂ ಹೆಚ್ಚು ಕಡೆ ರೆಸ್ಯೂಮೆ ಕಳಿಸಿದ್ದೇನೆ, ಒಂದು ಕರೆಯೂ ಇಲ್ಲ. ರೆಸ್ಯೂಮೆ ಜೊತೆಗಿಟ್ಟಿದ್ದೇನೆ, ತಪ್ಪೇನು ಹೇಳಿ. — ರಾಣೆಬೆನ್ನೂರು

ನೋಡಿದೆವು. ಮೊದಲ ಸಾಲಿನಲ್ಲೇ ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದು ನನ್ನ ಗುರಿ’ ಎಂದಿದೆ. ಸೈಬರ್ ಸೆಂಟರ್‌ನ ಕಂಪ್ಯೂಟರಿನಲ್ಲಿ ಕೂತಿರುವ ಒಂದೇ ಮಾದರಿಯಿಂದ ಊರಿನ ಅಷ್ಟೂ ಹುಡುಗರಿಗೆ ಹಂಚಿಕೆಯಾಗಿರುವ ಸಾಲು ಅದು. ಆಮೇಲೆ ಪ್ರಾಮಾಣಿಕ, ಕಷ್ಟಜೀವಿ, ಬೇಗ ಕಲಿಯುವವ. ಆಮೇಲೆ ಹಾಡು ಕೇಳುವುದು, ಕ್ರಿಕೆಟ್. ಟ್ಯಾಲಿ ಎಂಬ ಪದ ಎರಡನೇ ಪುಟದ ಕೊನೆಯಲ್ಲಿ, ‘ಟ್ಯಾಲಿ, ಎಂ.ಎಸ್. ಆಫೀಸ್’ ಎಂದು ಒಂದೇ ಉಸಿರಿನಲ್ಲಿ ಬಂದು ಹೋಗುತ್ತದೆ.

ಅಕೌಂಟ್ಸ್‌ಗೆ ಜನ ಹುಡುಕುವ ಆಡಿಟರ್ ಅಥವಾ ಅಂಗಡಿ ಮಾಲೀಕರಿಗೆ ಇರುವ ಅನುಮಾನ ಒಂದೇ: ಬಿಲ್ಲಿನ ಕಟ್ಟು ಕೈಗೆ ಕೊಟ್ಟರೆ ಈ ಹುಡುಗ ಎಂಟ್ರಿ ಸರಿಯಾಗಿ ಹಾಕುತ್ತಾನಾ, ಇಲ್ಲ ಇವನು ಹಾಕಿದ್ದನ್ನು ನಾನೇ ಕೂತು ತಿದ್ದಬೇಕಾ? ನಿಮ್ಮ ರೆಸ್ಯೂಮೆ ಆ ಅನುಮಾನವನ್ನು ಮುಟ್ಟುವುದೇ ಇಲ್ಲ. ಗುರಿಯ ಸಾಲು ತೆಗೆದುಹಾಕಿ. ಆ ಜಾಗದಲ್ಲಿ ಈ ಅರ್ಥ ಬರುವ ನಾಲ್ಕು ಸಾಲು ಇಂಗ್ಲಿಷ್‌ನಲ್ಲಿ ಬರೆಯಿರಿ:

‘ಟ್ಯಾಲಿಪ್ರೈಮ್‌ನಲ್ಲಿ ಖರೀದಿ, ಮಾರಾಟ, ಪಾವತಿ, ರಸೀದಿ, ಕಾಂಟ್ರಾ, ಜರ್ನಲ್ ವೋಚರ್ ಹಾಕಬಲ್ಲೆ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಬಲ್ಲೆ. ಖರೀದಿ ರಿಜಿಸ್ಟರನ್ನು ಜಿಎಸ್‌ಟಿಆರ್-2ಬಿ ಜೊತೆ ಎಕ್ಸೆಲ್‌ನಲ್ಲಿ ಹೋಲಿಸಿ, ವ್ಯತ್ಯಾಸದ ಪಟ್ಟಿ ಮಾಡಬಲ್ಲೆ. ಹಾರ್ಡ್‌ವೇರ್ ಅಂಗಡಿಯೊಂದರ ಮೂರು ತಿಂಗಳ ಖರೀದಿ ಬಿಲ್ ನಮೂದಿಸಿದ್ದೇನೆ.’

ಜಿಎಸ್‌ಟಿಆರ್-2ಬಿ ಎಂದರೆ ಮಾರಿದವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ಮಾಡುವ ಖರೀದಿ ಪಟ್ಟಿ. ಕೊನೆಯ ಸಾಲು ಸುಳ್ಳಾಗಬಾರದು, ಅದನ್ನು ಸಂಪಾದಿಸಿಕೊಳ್ಳಬೇಕು. ಪರಿಚಯದ ಹಾರ್ಡ್‌ವೇರ್, ಬೀಜ-ಗೊಬ್ಬರ ಅಥವಾ ಔಷಧಿ ಅಂಗಡಿಯವರನ್ನು ಕೇಳಿ, ಹಳೆಯ ಮೂರು ತಿಂಗಳ ಬಿಲ್ ತಂದು ಎಂಟ್ರಿ ಹಾಕಿ. ಟ್ಯಾಲಿಯ ಎಜುಕೇಶನಲ್ ಮೋಡ್‌ಗೆ ಲೈಸೆನ್ಸ್ ಬೇಕಿಲ್ಲ. ತಿಂಗಳ ಕೆಲವೇ ತಾರೀಖುಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ ನಿಜ, ಆದರೆ ಕೈ ಪಳಗಿಸಿಕೊಳ್ಳಲು ಅಷ್ಟು ಸಾಕು. ಸಂದರ್ಶನದಲ್ಲಿ ಅಂಗಡಿಯವರ ಲೆಕ್ಕವನ್ನು ತೆಗೆದು ತೋರಿಸಬೇಡಿ. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಮುಂದೆ ಹರಡುವವರನ್ನು ಯಾವ ಆಡಿಟರೂ ಒಳಗೆ ಸೇರಿಸುವುದಿಲ್ಲ. ಮಾಡಿದ ಕೆಲಸವನ್ನು ಬಾಯಲ್ಲಿ ವಿವರಿಸಿದರೆ ಆಯಿತು.

ನಾಲ್ಕು ಸಾಲು ಬರೆದ ಮೇಲೆ ಅವುಗಳ ಮೇಲೆಯೇ ಪ್ರಶ್ನೆ ಬರುತ್ತದೆ. ಬರಲಿ, ಬರೆದದ್ದೇ ಅದಕ್ಕೆ. ಬ್ಯಾಂಕಿನಿಂದ ನಗದು ತೆಗೆದರೆ ಯಾವ ವೋಚರ್? ಕಾಂಟ್ರಾ, ಎಫ್4. ಮೇಜಿನ ಮೇಲೆ ಒಂದು ಬಿಲ್ ಸರಿಸಿ ‘ಇದಕ್ಕೆ ಎಂಟ್ರಿ ಹೇಳಿ’ ಎನ್ನುವುದೂ ಉಂಟು. ಆಗ ಕಣ್ಣು ಮೊದಲು ಹೋಗಬೇಕಾದದ್ದು ಮೊತ್ತದ ಮೇಲಲ್ಲ, ಮಾರಿದವರ ಜಿಎಸ್‌ಟಿ ಸಂಖ್ಯೆಯ ಮೇಲೆ. ಹದಿನೈದು ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ, ನಂತರದ ಹತ್ತು ಪ್ಯಾನ್. 29 ಇದ್ದರೆ ಕರ್ನಾಟಕ, ಸಾಮಾನ್ಯವಾಗಿ ತೆರಿಗೆ ಸಿಜಿಎಸ್‌ಟಿ (ಕೇಂದ್ರದ್ದು), ಎಸ್‌ಜಿಎಸ್‌ಟಿ (ರಾಜ್ಯದ್ದು) ಎಂದು ಎರಡು ಪಾಲಾಗಿರುತ್ತದೆ. ತಮಿಳುನಾಡಿನ ಹೊಸೂರಿನಿಂದ ಬಂದ ಬಿಲ್ಲಾದರೆ 33, ತೆರಿಗೆ ಅಂತರರಾಜ್ಯದ್ದು, ಐಜಿಎಸ್‌ಟಿ. ಬಿಲ್ಲಿನಲ್ಲಿ 33 ಇದ್ದೂ ತೆರಿಗೆ ಎರಡು ಪಾಲಾಗಿದ್ದರೆ ‘ಸರ್, ಇದನ್ನು ಒಮ್ಮೆ ವಿಚಾರಿಸಬೇಕು’ ಎನ್ನಿ. ಕಷ್ಟಜೀವಿ, ಪ್ರಾಮಾಣಿಕ ಎಂದು ಹತ್ತು ಸಲ ಬರೆದುಕೊಂಡರೂ ಹುಟ್ಟದ ನಂಬಿಕೆ ಆ ಒಂದು ಮಾತಿನಿಂದ ಹುಟ್ಟುತ್ತದೆ.

2ಬಿ ಬಗ್ಗೆ ಕೇಳಿದರೆ: ತಿಂಗಳ 14ರ ಹೊತ್ತಿಗೆ ಪೋರ್ಟಲ್‌ನಲ್ಲಿ ತಯಾರಾಗುತ್ತದೆ. ನಮ್ಮ ಬಳಿ ಬಿಲ್ ಇದ್ದು ಅಲ್ಲಿ ಕಾಣದಿದ್ದರೆ ಸಾಮಾನ್ಯವಾಗಿ ಮಾರಿದವರು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಅದನ್ನು ತೋರಿಸಿಲ್ಲ ಎಂದರ್ಥ. ಸದ್ಯಕ್ಕೆ ಆ ತೆರಿಗೆಯ ಕ್ರೆಡಿಟ್ ಪಡೆಯುವಂತಿಲ್ಲ, ಅವರಿಗೆ ಫೋನ್ ಮಾಡಬೇಕು. ಟಿಡಿಎಸ್ (ಪಾವತಿಯಲ್ಲೇ ಹಿಡಿದ ತೆರಿಗೆ) ಕಟ್ಟಲು 7, ಪ್ರತಿ ತಿಂಗಳು ಸಲ್ಲಿಸುವವರ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಗೆ 20. ಈ ತಾರೀಖುಗಳು ನಾಲಿಗೆ ತುದಿಯಲ್ಲಿರಲಿ. ಇವು ಇನ್ನೊಂದು ಕೆಲಸಕ್ಕೂ ಬರುತ್ತವೆ: ಆಡಿಟರ್ ಕಚೇರಿಗೆ ರೆಸ್ಯೂಮೆ ಹಿಡಿದು 18, 19ಕ್ಕೆ ಹೋಗಬೇಡಿ, ತಲೆ ಎತ್ತಿ ನೋಡುವವರಿರುವುದಿಲ್ಲ. 22ರ ನಂತರ ಹೋಗಿ. ಜುಲೈನಿಂದ ಅಕ್ಟೋಬರ್‌ವರೆಗೆ ರಿಟರ್ನ್, ಆಡಿಟ್‌ಗಳ ನೂಕುನುಗ್ಗಲು. ಅದಕ್ಕೆ ಮುಂಚೆ, ಏಪ್ರಿಲ್-ಮೇನಲ್ಲಿ ಹೋದರೆ ನಿಮ್ಮನ್ನು ಕೂರಿಸಿ ಕಲಿಸಲು ಅವರಿಗೂ ಪುರುಸೊತ್ತು ಇರುತ್ತದೆ.

ರೆಸ್ಯೂಮೆಯ ರೂಪದ ಬಗ್ಗೆ ಎರಡು ಮಾತು. ನಿಮ್ಮದು ಎಡಗಡೆ ನೀಲಿ ಪಟ್ಟಿ, ಬಲಗಡೆ ವಿವರ ಇರುವ ಎರಡು ಕಂಬದ ವಿನ್ಯಾಸ. ಉದ್ಯೋಗ ಪೋರ್ಟಲ್‌ಗಳ ತಂತ್ರಾಂಶಗಳಲ್ಲಿ ಹಲವು ಇದನ್ನು ಸಾಲುಸಾಲಾಗಿ ಅಡ್ಡಕ್ಕೆ ಓದಿಕೊಂಡು ಎರಡೂ ಕಂಬದ ಪದ ಬೆರೆಸಿಬಿಡುತ್ತವೆ. ಪರೀಕ್ಷಿಸುವುದು ಸುಲಭ: ಪಿಡಿಎಫ್ ತೆರೆದು ಎಲ್ಲವನ್ನೂ ಆಯ್ದು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಓದಲು ಬಂದರೆ ಯಂತ್ರಕ್ಕೂ ಬರುತ್ತದೆ. ಏನೂ ಅಂಟದಿದ್ದರೆ ನೀವು ಕಳಿಸುತ್ತಿರುವುದು ಬರಿಯ ಚಿತ್ರ. ‘ಟ್ಯಾಲಿ ಶೇ. 80’ ಎಂದು ತುಂಬಿದ ಪಟ್ಟಿಯನ್ನೂ ಅಳಿಸಿ. ಉಳಿದ 20 ಯಾವುದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಒಂದು ಪುಟ, ಒಂದೇ ಕಂಬ, 11 ಪಾಯಿಂಟ್ ಅಕ್ಷರ, ಕಡತದ ಹೆಸರಿನಲ್ಲಿ ನಿಮ್ಮ ಹೆಸರು ಮತ್ತು ಹುದ್ದೆ. ನೀವು ಕಳಿಸಿದ ಕಡತದ ಹೆಸರು ‘ನ್ಯೂ ರೆಸ್ಯೂಮೆ ಫೈನಲ್ 3’. ನೂರು ಜನರ ನಡುವೆ ಅದನ್ನು ಮತ್ತೆ ಹುಡುಕುವವರು ಯಾರು?

ಇನ್ನೊಂದು: ಒಂದೇ ಇಮೇಲ್ ಅನ್ನು 40 ವಿಳಾಸಗಳಿಗೆ, ಎಲ್ಲರಿಗೂ ಎಲ್ಲರ ವಿಳಾಸ ಕಾಣುವಂತೆ ಕಳಿಸಿದ್ದೀರಿ. ಆ ನಲವತ್ತೂ ಲೆಕ್ಕಕ್ಕಿಲ್ಲ. ದಿನಕ್ಕೆ ಮೂರೇ ಕಳಿಸಿ, ಜಾಹೀರಾತಿನಲ್ಲಿ ಕೇಳಿದ ಪದಗಳನ್ನೇ ನಿಮ್ಮ ನಾಲ್ಕು ಸಾಲಿನಲ್ಲಿ ಮೊದಲಿಗೆ ತಂದು ಕಳಿಸಿ.

ರೆಸ್ಯೂಮೆಯಲ್ಲಿ ಫೋಟೊ, ತಂದೆಯ ಹೆಸರು, ಜಾತಿ, ಆಧಾರ್ ಸಂಖ್ಯೆ ಹಾಕಬೇಕೆ? ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ? — ಚಿಂತಾಮಣಿ

ಖಾಸಗಿ ಕೆಲಸಕ್ಕಾದರೆ ಯಾವುದೂ ಬೇಡ. ಆಧಾರ್, ಪ್ಯಾನ್ ಸಂಖ್ಯೆಯನ್ನಂತೂ ಕೆಲಸ ಖಚಿತವಾಗುವವರೆಗೆ ಯಾರಿಗೂ ಕೊಡಬೇಡಿ. ಘೋಷಣೆ ಇದ್ದರೆ ನಷ್ಟವಿಲ್ಲ, ಎರಡು ಸಾಲಿನ ಜಾಗ ಹಾಳು, ಅಷ್ಟೆ. ಸರ್ಕಾರಿ ಅರ್ಜಿಯ ಮಾತು ಬೇರೆ, ಅಲ್ಲಿ ನಮೂನೆ ಕೇಳಿದ್ದನ್ನೆಲ್ಲ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ತುಂಬಬೇಕು.

ಐಟಿಐ ಟರ್ನರ್ ಮುಗಿಸಿದ್ದೇನೆ. ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಟ್ರೇಡ್ ಟೆಸ್ಟ್‌ಗೆ ಕರೆದಿದ್ದಾರೆ. ಮಾತಾಡಲು ಹಿಂಜರಿಕೆ. ಹೇಗೆ ಒಳ್ಳೆಯ ಹೆಸರು ಗಳಿಸಲಿ? — ಗೋಕಾಕ

ಶಾಪಿನಲ್ಲಿ ನಿಮ್ಮ ಮಾತನ್ನು ಯಾರೂ ತೂಗುವುದಿಲ್ಲ, ಕೈಯನ್ನು ನೋಡುತ್ತಾರೆ. ಅದೂ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡಿಯುವ ಯಂತ್ರ) ಶುರುವಾಗುವ ಮುಂಚೆಯೇ. ಕೈಗಡಗ, ಉಂಗುರ, ಮಣಿಕಟ್ಟಿನ ದಾರ ತೆಗೆದಿಟ್ಟು ಹೋಗಿ. ತುಂಬುತೋಳಿನ ಅಂಗಿಯಾದರೆ ಮೊಣಕೈ ಮೇಲಕ್ಕೆ ಮಡಚಿ. ಚಪ್ಪಲಿಯಲ್ಲಿ ಹೋಗಬೇಡಿ. ಗ್ಲೌಸ್ ಕೊಟ್ಟರೂ ತಿರುಗುವ ಲೇತ್ ಹತ್ತಿರ ಹಾಕಬೇಡಿ, ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಜಾಬ್ (ಕಡಿಯಬೇಕಾದ ತುಂಡು) ಕಟ್ಟಿದ ಮೇಲೆ, ಅದನ್ನು ಹಿಡಿಯುವ ಚಕ್ ಬಿಗಿಯುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಮಷಿನ್ ಚಾಲೂ ಮಾಡಲು ಹೋದರೆ ಅಲ್ಲಿಗೆ ಟೆಸ್ಟ್ ಮುಗಿದಂತೆ. ಸೂಪರ್‌ವೈಸರ್ ಕಣ್ಣು ಮೊದಲು ಹುಡುಕುವುದೇ ಅದನ್ನು.

ಡ್ರಾಯಿಂಗ್ ಕೈಗೆ ಬಂದ ಕೂಡಲೇ ಮಷಿನ್ ಕಡೆ ಓಡಬೇಡಿ, ಎರಡು ನಿಮಿಷ ಓದಿ. ಉದಾಹರಣೆಗೆ ವ್ಯಾಸ 25 ಮಿ.ಮೀ., ಪಕ್ಕದಲ್ಲಿ ಸಣ್ಣಕ್ಷರದ ಎಚ್7 ಇದೆ ಎನ್ನಿ. ಅಂದರೆ 25.000ರಿಂದ 24.979ರ ಒಳಗೆ ಬರಬೇಕು. ಸಣ್ಣಕ್ಷರ ಶಾಫ್ಟ್‌ಗೆ, ದೊಡ್ಡಕ್ಷರದ ಎಚ್7 ರಂಧ್ರಕ್ಕೆ, ಅಲ್ಲಿ ಅದೇ 0.021 ಮೇಲ್ಮುಖವಾಗಿ ಹೋಗುತ್ತದೆ. ನಿಮ್ಮ ಶಾಫ್ಟ್ 25.01 ಬಂದರೆ ಇನ್ನೊಂದು ಸಣ್ಣ ಕಟ್ ಕೊಡಬಹುದು. 24.97 ಬಂದರೆ ಅದು ಸ್ಕ್ರ್ಯಾಪ್. ಹಾಗೆ ಆದರೆ ಬಚ್ಚಿಡಬೇಡಿ, ‘ಅಂಡರ್‌ಸೈಜ್ ಆಯ್ತು ಸರ್, ಕೊನೆ ಕಟ್‌ಗೆ ಮುಂಚೆ ಅಳೆಯಲಿಲ್ಲ’ ಎನ್ನಿ. ಹೊಸಬ ಒಂದು ಜಾಬ್ ಕೆಡಿಸುವುದನ್ನು ಶಾಪಿನವರು ತಡೆದುಕೊಳ್ಳುತ್ತಾರೆ. ಕೆಟ್ಟದ್ದನ್ನು ಒಳ್ಳೆಯದರ ಜೊತೆ ಟ್ರೇಗೆ ಹಾಕುವವನನ್ನು ತಡೆದುಕೊಳ್ಳುವುದಿಲ್ಲ, ಏಕೆಂದರೆ ಗಿರಾಕಿ ಒಂದು ಪೀಸ್‌ಗಾಗಿ ಇಡೀ ಲಾಟ್ ವಾಪಸ್ ಕಳಿಸುತ್ತಾನೆ.

ಮೈಕ್ರೋಮೀಟರ್ ಕೊಟ್ಟರೆ ಮುಖಗಳನ್ನು ಬಟ್ಟೆಯಿಂದ ಒರೆಸಿ, ಮುಚ್ಚಿ, ಸೊನ್ನೆ ಸರಿಯಿದೆಯೇ ನೋಡಿ, ಆಮೇಲೆ ಅಳತೆ. ರ‍್ಯಾಚೆಟ್ ಹಿಡಿದೇ ತಿರುಗಿಸಿ, ಥಿಂಬಲ್ ಬಿಗಿದರೆ ಅಳತೆ ಸುಳ್ಳಾಗುತ್ತದೆ. ಸ್ಲೀವ್ ಮೇಲೆ 12.5 ಕಂಡು, ಥಿಂಬಲ್‌ನ 23ನೇ ಗೆರೆ ಕೂಡಿದರೆ 12.73. ಅರ್ಧ ಮಿಲಿಮೀಟರಿನ ಗೆರೆಯನ್ನು ಮರೆತು 12.23 ಎನ್ನುವುದು ಹೊಸಬರ ಮಾಮೂಲು ತಪ್ಪು, ಇಂದೇ ಹತ್ತು ಸಲ ಅಭ್ಯಾಸ ಮಾಡಿ.

ವೇಗ ಎಷ್ಟಿಡುತ್ತೀರಿ ಎಂದು ಕೇಳಬಹುದು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್, ಮೈಲ್ಡ್ ಸ್ಟೀಲ್, ಕಟಿಂಗ್ ಸ್ಪೀಡ್ ನಿಮಿಷಕ್ಕೆ 30 ಮೀಟರ್ ಎಂದು ಹಿಡಿದರೆ 25 ಮಿ.ಮೀ. ವ್ಯಾಸಕ್ಕೆ ಸುಮಾರು 380 ಆರ್‌ಪಿಎಂ. ಸಾವಿರವನ್ನು 30ರಿಂದ ಗುಣಿಸಿ, ಪೈ ಮತ್ತು ವ್ಯಾಸದಿಂದ ಭಾಗಿಸಿದರೆ ಬರುತ್ತದೆ. ಮಷಿನ್‌ನಲ್ಲಿ ಅದಕ್ಕೆ ಹತ್ತಿರದ ಕಡಿಮೆ ವೇಗ ಆರಿಸಿ. ಇಷ್ಟನ್ನು ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಹೇಳಿ, ಬೆರೆಸಿ ಹೇಳಿ, ಅಲ್ಲಿ ಎಲ್ಲ ನಡೆಯುತ್ತದೆ. ಕೊನೆಗೆ ಮಷಿನ್ ಬಂದ್ ಮಾಡಿ, ಬ್ರಷ್‌ನಿಂದ ಚಿಪ್ಸ್ ತೆಗೆದು, ಉಪಕರಣ ಒರೆಸಿ ಇಟ್ಟು ಬನ್ನಿ. ಯಾರೂ ಹೇಳದಿದ್ದರೂ.

ಮಗ ಸಂಕೋಚದವನು. ಕಂಪನಿಗೆ ಅವನ ಪರವಾಗಿ ನಾನೇ ಫೋನ್ ಮಾಡಿ ವಿಚಾರಿಸಬಹುದೇ? — ಕುಣಿಗಲ್

ಬೇಡ ಯಜಮಾನರೇ. ನಿಮ್ಮ ಕರೆ ಹೋದ ದಿನವೇ ಅವನ ಅರ್ಜಿ ಪಕ್ಕಕ್ಕೆ ಸರಿಯುತ್ತದೆ. ನೀವು ಮನೆಯಲ್ಲಿ ಅಧಿಕಾರಿಯಾಗಿ ಕೂತು ಅವನನ್ನು ಹತ್ತು ಪ್ರಶ್ನೆ ಕೇಳಿ, ಅದು ಉಪಕಾರ. ಅವನ ನಂಬರ್ ಟ್ರೂಕಾಲರ್‌ನಲ್ಲಿ ಯಾವ ಹೆಸರಿನಲ್ಲಿ ಕಾಣುತ್ತದೆಂದೂ ನೋಡಿ. ಗೆಳೆಯರು ತಮಾಷೆಗೆ ಇಟ್ಟ ಅಡ್ಡಹೆಸರು ಕರೆ ಮಾಡಿದವರ ಪರದೆಯ ಮೇಲೆ ಮೂಡುವುದುಂಟು, ಸ್ವಂತ ಪ್ರೊಫೈಲ್ ಮಾಡಿ ತಿದ್ದಬಹುದು. ವಾಟ್ಸ್ಆ್ಯಪ್ ಡಿಪಿಯಲ್ಲಿ ಅವನ ಮುಖವಿದ್ದರೆ ಸಾಕು, ಬೈಕ್ ವೀಲಿ ಬೇಡ.

ಸಿವಿಲ್ ಡಿಪ್ಲೊಮಾ, ಹತ್ತರವರೆಗೆ ಕನ್ನಡ ಮಾಧ್ಯಮ. ಸೈಟ್ ಎಂಜಿನಿಯರ್ ಸಂದರ್ಶನದಲ್ಲಿ ಇಂಗ್ಲಿಷ್ ಬಂದ ತಕ್ಷಣ ಬಾಯಿ ಕಟ್ಟುತ್ತದೆ. ಪರಿಚಯದ ಮಾತು ಬಾಯಿಪಾಠ ಮಾಡಿದರೂ ನಡುವೆ ಮರೆಯುತ್ತದೆ. — ಯಾದಗಿರಿ

ಬಾಯಿಪಾಠವೇ ನಿಮ್ಮನ್ನು ಕೆಡಿಸುತ್ತಿರುವುದು. ಉರು ಹೊಡೆದ ಪ್ಯಾರಾ ಹೇಳುವಾಗ ದನಿ ಓಡತೊಡಗುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ, ಎದುರಿನವರಿಗೆ ಮೂರನೇ ಸಾಲಿಗೇ ಗೊತ್ತಾಗುತ್ತದೆ. ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕುಸಿಯುತ್ತದೆ. ಪ್ಯಾರಾ ಬಿಡಿ, ಐದು ಗಂಟು ಹಾಕಿಕೊಳ್ಳಿ: ಹೆಸರು-ಊರು, ಓದು, ಒಂದು ಪ್ರಾಜೆಕ್ಟ್ ಅಥವಾ ತರಬೇತಿ, ಅದರಲ್ಲಿ ಕೈಯಾರೆ ಮಾಡಿದ್ದು, ಈ ಕೆಲಸ ಯಾಕೆ. ಒಂದೊಂದಕ್ಕೂ ಒಂದೊಂದು ಚಿಕ್ಕ ವಾಕ್ಯ. ಪ್ರತಿ ಸಲ ಬೇರೆ ಬೇರೆ ಪದಗಳಲ್ಲಿ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದು ನಿಮಿಷ ಮೀರಬಾರದು.

ಇನ್ನು ವಿಷಯದ ಮಾತು. ನಿಮಗೆ ಬೇಕಾದ ಪದಗಳೆಲ್ಲ ನಿಮಗೆ ಇಂಗ್ಲಿಷಿನಲ್ಲೇ ಗೊತ್ತು: ಸ್ಲಂಪ್, ಕ್ಯೂಬ್, ಕ್ಯೂರಿಂಗ್, ಕವರ್, ಸೆಂಟ್ರಿಂಗ್. ‘ಎಂ20 ಕಾಂಕ್ರೀಟ್ ಎಂದರೇನು’ ಎಂದರೆ ನಾಲ್ಕು ತುಂಡು ವಾಕ್ಯ ಸಾಕು: 150 ಮಿ.ಮೀ. ಕ್ಯೂಬ್. 28 ದಿನ ಕ್ಯೂರಿಂಗ್. ಚದರ ಮಿಲಿಮೀಟರಿಗೆ 20 ನ್ಯೂಟನ್. ಅಂದರೆ ಯಂತ್ರದ ಮೇಲೆ ಸುಮಾರು 450 ಕಿಲೋನ್ಯೂಟನ್. ಈ ಕೊನೆಯ ಅಂಕಿ ಪುಸ್ತಕ ಮಾತ್ರ ಓದಿದವರ ಬಾಯಲ್ಲಿ ಬರುವುದು ಕಡಿಮೆ, ಲ್ಯಾಬ್‌ನಲ್ಲಿ ನಿಂತವರ ಬಾಯಲ್ಲಿ ಬರುತ್ತದೆ. ಅದು ಬಂದ ಮೇಲೆ ನಿಮ್ಮ ಕ್ರಿಯಾಪದ ಸರಿಯೇ ತಪ್ಪೇ ಎಂದು ನೋಡುತ್ತ ಕೂರುವ ಪ್ರಾಜೆಕ್ಟ್ ಮ್ಯಾನೇಜರ್ ಅಪರೂಪ.

ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸಬೇಡಿ, ಮತ್ತೊಮ್ಮೆ ಹೇಳಿ ಎಂದು ಕೇಳಿ. ತೊಡಕಿನ ಒಂದು ವಿಷಯವನ್ನು ‘ಕನ್ನಡದಲ್ಲಿ ವಿವರಿಸಲೇ’ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಮೊದಲ ಪ್ರಶ್ನೆಗೇ ಕೇಳಬೇಡಿ. ಎರಡು ಪ್ರಶ್ನೆಗೆ ಇಂಗ್ಲಿಷ್‌ನಲ್ಲಿ ಹೆಣಗಾಡಿದ ಮೇಲೆ ಕೇಳಿದರೆ ಅದು ಪ್ರಯತ್ನವಾಗಿ ಕಾಣುತ್ತದೆ. ದಿನಾ ಬಾರ್ ಬೆಂಡರ್, ಗಾರೆ ಮೇಸ್ತ್ರಿ ಜೊತೆ ಕನ್ನಡ, ಹಿಂದಿಯಲ್ಲಿ ಕೆಲಸ ತೆಗೆಸುವುದು ಸೈಟ್ ಎಂಜಿನಿಯರ್‌ಗೆ ಗುಣವೇ. ಅದನ್ನೂ ಒಂದು ಸಾಲಾಗಿ ಹೇಳಿ.

ಜಾಹೀರಾತಿನಲ್ಲಿ ಶೇ. 60 ಕೇಳಿದ್ದಾರೆ. ನನ್ನ ಸಿಜಿಪಿಎ 6.7. ಹಾಕಲೇ? — ತಿಪಟೂರು

ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪಟ್ಟಿಯಂತೆ 6.75 ಅಂದರೆ ಶೇ. 60, 6.25 ಅಂದರೆ 55. ಆ ಲೆಕ್ಕದಲ್ಲಿ ನಿಮ್ಮದು 59.5. ನಿಮ್ಮ ವಿಶ್ವವಿದ್ಯಾಲಯ ಬೇರೆ ಸೂತ್ರ ಕೊಟ್ಟಿದ್ದರೆ ಅದೇ ಪ್ರಮಾಣ, ಅಂಕಪಟ್ಟಿಯ ಹಿಂಬದಿ ನೋಡಿ. ಪೋರ್ಟಲ್‌ನಲ್ಲಿ 60 ಎಂದು ದುಂಡಾಗಿಸಿ ತುಂಬಬೇಡಿ, ದಾಖಲೆ ಪರಿಶೀಲನೆಯ ದಿನ ಅರ್ಧ ಅಂಕವೂ ಸುಳ್ಳೇ. ಸಣ್ಣ ಕಂಪನಿಯಾದರೆ 59.5 ಎಂದೇ ಬರೆದು ಇಮೇಲ್ ಹಾಕಿ, ಕಟ್ಆಫ್ ಎಲ್ಲ ಕಡೆಯೂ ಕಲ್ಲಿನ ಗೋಡೆಯಲ್ಲ.

ಬಿ.ಎಡ್. ಆಗಿದೆ. ಮದುವೆ, ಮಗು, ಅತ್ತೆಯ ಕಾಯಿಲೆ ಎಂದು ಏಳು ವರ್ಷ ಮನೆಯಲ್ಲೇ ಇದ್ದೆ. ಖಾಸಗಿ ಶಾಲೆಗೆ ಗಣಿತ ಶಿಕ್ಷಕಿಯಾಗಿ ಅರ್ಜಿ ಹಾಕುತ್ತಿದ್ದೇನೆ. ಈ ಬಿಡುವನ್ನು ಹೇಗೆ ಹೇಳಲಿ? ಡೆಮೊ ಕ್ಲಾಸ್ ಎಂದರೆ ಭಯ. — ಸಾಗರ

ಬಿಡುವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ: ‘ಮನೆಯ ಜವಾಬ್ದಾರಿಗಾಗಿ ಏಳು ವರ್ಷ ಬಿಡುವು ತೆಗೆದುಕೊಂಡೆ, ಈಗ ಪೂರ್ಣಾವಧಿಗೆ ಸಿದ್ಧಳಿದ್ದೇನೆ.’ ಕ್ಷಮೆ ಕೇಳುವ ದನಿ ಬೇಡ, ಅತ್ತೆಯವರ ಕಾಯಿಲೆಯ ವಿವರವೂ ಬೇಡ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿದ್ದರೆ ಅದನ್ನು ಮೇಲೆಯೇ ಬರೆಯಿರಿ. ಹಳೆಯದು, ಅವಧಿ ಮುಗಿದಿರಬಹುದು ಎಂದು ಹಲವರು ಬಿಟ್ಟುಬಿಡುತ್ತಾರೆ. ಏಳು ವರ್ಷದ ಮಿತಿಯನ್ನು 2021ರಲ್ಲಿ ತೆಗೆದು, 2011ರಿಂದಲೇ ಅನ್ವಯವಾಗುವಂತೆ ಜೀವಮಾನದ ಮಾನ್ಯತೆ ಕೊಟ್ಟಿದ್ದಾರೆ. ಈ ಏಳು ವರ್ಷದಲ್ಲಿ ಪಠ್ಯಪುಸ್ತಕ ಬದಲಾಗಿರಬಹುದು. ಆ ಶಾಲೆ ಯಾವ ಪಠ್ಯಕ್ರಮದ್ದೆಂದು ವಿಚಾರಿಸಿ ಈಗಿನ 6, 7ರ ಗಣಿತ ಪುಸ್ತಕ ತಿರುವಿಹಾಕಿ ಹೋಗಿ. ‘ಹೊಸ ಪುಸ್ತಕದಲ್ಲಿ ಈ ಪಾಠ ಹೀಗೆ ಶುರುವಾಗುತ್ತದೆ’ ಎಂದು ನೀವು ಅಂದ ಕ್ಷಣಕ್ಕೆ ಆ ಏಳು ವರ್ಷ ಚಿಕ್ಕದಾಗುತ್ತದೆ.

ಡೆಮೊ 15-20 ನಿಮಿಷವಿರುತ್ತದೆ. ಇಡೀ ಪಾಠ ಮುಗಿಸಲು ಹೋಗಬೇಡಿ, ಒಂದೇ ಕಲ್ಪನೆ ಹಿಡಿಯಿರಿ. ಭಿನ್ನರಾಶಿಯ ಭಾಗಾಕಾರ ಎಂದಿಟ್ಟುಕೊಳ್ಳಿ. ‘ತಿರುಗಿಸಿ ಗುಣಿಸಿ’ ಎಂದು ಸೂತ್ರ ಬರೆದು ಐದು ಲೆಕ್ಕ ಮಾಡಿ ತೋರಿಸುವವರೇ ಹೆಚ್ಚು. ನೀವು ಮೂರು ಕಾಗದದ ರೊಟ್ಟಿ ಕತ್ತರಿಸಿಕೊಂಡು ಹೋಗಿ. ‘ಮೂರು ರೊಟ್ಟಿಯಲ್ಲಿ ಅರ್ಧ ರೊಟ್ಟಿಗಳು ಎಷ್ಟು?’ ಮಕ್ಕಳು ಆರು ಎನ್ನುತ್ತಾರೆ. ಆಗ ಬೋರ್ಡ್ ಮೇಲೆ 3 ÷ ½ = 6 ಎಂದು ಬರೆಯಿರಿ. ಭಾಗಿಸಿದರೂ ಉತ್ತರ ದೊಡ್ಡದಾಯಿತಲ್ಲ, ಯಾಕೆ ಎಂದು ಕೇಳಿ ನಿಲ್ಲಿ. ಆ ಮೌನಕ್ಕೆ ಹೆದರಬೇಡಿ.

ಆಮೇಲೆ 2 ÷ ¼ ಅನ್ನು ಪುಸ್ತಕದಲ್ಲಿ ಬರೆಯಲು ಹೇಳಿ ಸಾಲುಗಳ ನಡುವೆ ಓಡಾಡಿ. ಮಕ್ಕಳಿಲ್ಲದೆ ಶಿಕ್ಷಕರೇ ಮಕ್ಕಳಾಗಿ ಕೂತಿದ್ದರೆ ಅವರಲ್ಲೊಬ್ಬರು ಬೇಕೆಂದೇ ‘ಅರ್ಧ’ ಎಂದು ತಪ್ಪು ಉತ್ತರ ಕೊಡಬಹುದು. ‘ತಪ್ಪು’ ಎಂದು ಅಲ್ಲಿಗೇ ನಿಲ್ಲಿಸಬೇಡಿ. ಅದು ಭಾಗಿಸುವ ಬದಲು ಗುಣಿಸಿದ್ದರಿಂದ ಬಂದ ಉತ್ತರ. ‘ಒಂದು ರೊಟ್ಟಿಯಲ್ಲಿ ಕಾಲು ಭಾಗಗಳು ಎಷ್ಟು?’ ಎಂದು ಹಿಂದಕ್ಕೆ ಕರೆದುಕೊಂಡು ಹೋಗಿ. ಮುಖ್ಯೋಪಾಧ್ಯಾಯರು ಕಾದು ಕೂತಿರುವುದು ಈ ಘಟ್ಟಕ್ಕೇ. ಉಳಿದಂತೆ ಬೋರ್ಡ್‌ಗೆ ಮುಖ ಮಾಡಿಕೊಂಡು ಮಾತಾಡಬೇಡಿ, ‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ‘ಆಯ್ತೂ ಮಿಸ್’ ಎಂಬ ರಾಗ ಯಾವ ತರಗತಿಯಲ್ಲಾದರೂ ಬಂದೇ ಬರುತ್ತದೆ, ಅರ್ಥವಾದರೂ, ಆಗದಿದ್ದರೂ.

ಕನ್ನಡ ಪ್ರಕಾಶನ ಸಂಸ್ಥೆಗೆ ಕರಡು ತಿದ್ದುವ ಕೆಲಸಕ್ಕೆ ಕನ್ನಡದಲ್ಲೇ ಅರ್ಜಿ ಕಳಿಸಿದೆ. ‘ಏನೋ ಇಂಗ್ಲಿಷ್ ಅಕ್ಷರಗಳ ಗೊಂಚಲು ಬಂದಿದೆ’ ಎಂದರು. — ಧಾರವಾಡ

ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್‌ನಲ್ಲಿ ವರ್ಡ್ ಕಡತ ಮಾಡಿ ಕಳಿಸಿದ್ದೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಹಾಗೆಯೇ ಕಾಣುವುದು. ಯುನಿಕೋಡ್‌ಗೆ ಪರಿವರ್ತಿಸಿ, ಪಿಡಿಎಫ್ ಮಾಡಿ ಕಳಿಸಿ. ಪರಿವರ್ತನೆಯಲ್ಲಿ ಅರ್ಕಾವೊತ್ತು, ಒತ್ತಕ್ಷರಗಳು ಜಾಗ ತಪ್ಪುವುದುಂಟು, ‘ಕಾರ್ಯ’, ‘ವರ್ಷ’, ‘ಅರ್ಜಿ’ ಪದಗಳನ್ನು ಹುಡುಕಿ ನೋಡಿ. ಕರಡು ತಿದ್ದುವ ಕೆಲಸ ಕೇಳುವ ಅರ್ಜಿಯಲ್ಲೇ ಕಾಗುಣಿತ ತಪ್ಪಿದರೆ ಮುಂದಕ್ಕೆ ಯಾರೂ ಓದುವುದಿಲ್ಲ.

ಒಂದು ವರ್ಷದ ಅನುಭವ ಇದ್ದಂತೆ ಪತ್ರ ಮಾಡಿಸಿಕೊಡುತ್ತೇನೆ ಎಂದು ಗೆಳೆಯ ಹೇಳುತ್ತಿದ್ದಾನೆ. ಎಲ್ಲರೂ ಮಾಡುತ್ತಾರಂತೆ. — ಬೆಂಗಳೂರು

ಸಿಕ್ಕಿಬಿದ್ದವರು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ, ಹಾಗಾಗಿ ‘ಎಲ್ಲರೂ’ ಎಂದು ಕಾಣುತ್ತದೆ. ಪರಿಶೀಲನೆಯವರು ಲೆಟರ್‌ಹೆಡ್ ನಂಬಿ ಕೂರುವುದಿಲ್ಲ. ಯುಎಎನ್‌ (ಪಿಎಫ್ ಸಂಖ್ಯೆ) ಅಡಿಯ ಸೇವಾ ಇತಿಹಾಸ, ಕಂಪನಿ ಕೊಡುವ ತೆರಿಗೆ ಕಡಿತದ ಪತ್ರವಾದ ಫಾರ್ಮ್ 16, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಮೂರೂ ಹೊಂದಬೇಕು. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಗೊತ್ತಾದರೂ ವಜಾ ಮಾಡುತ್ತಾರೆ, ಆಗ ಆ ಆರು ತಿಂಗಳ ನಿಜವಾದ ಅನುಭವವನ್ನೂ ಎಲ್ಲೂ ತೋರಿಸಲಾಗದು.

ನಿಜವಾಗಿ ಸಣ್ಣ ಕಡೆ ದುಡಿದಿದ್ದು ಪಿಎಫ್ ಇಲ್ಲದಿದ್ದರೆ ಅದು ಬೇರೆ ಮಾತು. 20ಕ್ಕಿಂತ ಕಡಿಮೆ ನೌಕರರಿದ್ದ ಕಡೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಿಲ್ಲ. ‘ಪಿಎಫ್ ಇರಲಿಲ್ಲ, ಸಂಬಳ ಯುಪಿಐನಲ್ಲಿ ಬರುತ್ತಿತ್ತು, ಮಾಲೀಕರ ಫೋನ್ ಇಲ್ಲಿದೆ’ ಎಂದು ಮೊದಲೇ ಹೇಳಿ. ಅವರು ಕೇಳುವ ಮುಂಚೆ ನೀವೇ ಹೇಳಿದ್ದು ವಿವರಣೆ, ಕೇಳಿದ ಮೇಲೆ ಹೇಳಿದ್ದು ಸಬೂಬು.

ಆಯ್ಕೆ ಖಚಿತ, ಲ್ಯಾಪ್‌ಟಾಪ್‌ಗೆ 4,500 ರೂಪಾಯಿ ಡಿಪಾಸಿಟ್ ಕಟ್ಟಿ, ಮೊದಲ ಸಂಬಳದಲ್ಲಿ ವಾಪಸ್ ಎಂದು ಇಮೇಲ್ ಬಂದಿದೆ. — ಹೊಸಪೇಟೆ

ಕಟ್ಟಬೇಡಿ. ದುಡ್ಡು ಕೇಳಿದ ಕೆಲಸ ಕೆಲಸವೇ ಅಲ್ಲ. ಈಗಾಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮುನ್ನ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ.

ಎಷ್ಟು ಸಂಬಳ ನಿರೀಕ್ಷೆ ಎಂದರೆ ತಡವರಿಸುತ್ತೇನೆ. ವರ್ಷಕ್ಕೆ 3.6 ಲಕ್ಷ ಸಿಟಿಸಿ ಎಂದರು, ಕೈಗೆ 30 ಸಾವಿರ ಬರುತ್ತದೆಯೇ? — ದಾವಣಗೆರೆ

ಬರುವುದಿಲ್ಲ. ಸಿಟಿಸಿ ಎಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ಮೂಲವೇತನ 15,000 ಎಂದು ಹಿಡಿಯೋಣ. ತಿಂಗಳ 30,000ದಲ್ಲಿ ಕಂಪನಿಯ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು ಮೂಲವೇತನದ ಶೇ. 4.81ರಂತೆ ಸುಮಾರು 722 ಒಳಗೇ ಸೇರಿರುತ್ತದೆ. ಉಳಿದದ್ದು 27,478. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 25,478. ವಿಮೆ, ಕ್ಯಾಂಟೀನ್, ಬಸ್ ಎಂದು ಹಿಡಿದರೆ ಇನ್ನೂ ಕಡಿಮೆ. ಬೋನಸ್ ಅಥವಾ ‘ವೇರಿಯಬಲ್’ ಇದೇ 3.6ರಲ್ಲಿ ಸೇರಿದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ, ಪರಸ್ಪರ ಗೌರವವೇ ಹೆಚ್ಚುತ್ತದೆ.

ನಿರೀಕ್ಷೆ ಕೇಳಿದಾಗ ‘ನೀವು ಕೊಟ್ಟಷ್ಟು’ ಎನ್ನಬೇಡಿ, ಬಾಯಿಗೆ ಬಂದ ಅಂಕಿಯನ್ನೂ ಹೇಳಬೇಡಿ. ಬಾಡಿಗೆ, ಊಟ, ಬಸ್, ಮನೆಗೆ ಕಳಿಸುವುದನ್ನು ಕೂಡಿ ಕೈಗೆ ಎಷ್ಟು ಬೇಕೆಂದು ಮನೆಯಲ್ಲೇ ಲೆಕ್ಕ ಹಾಕಿ, ಎರಡು ಸಾವಿರದ ಅಂತರದಲ್ಲಿ ಹೇಳಿ: ‘ಕೈಗೆ 24ರಿಂದ 26 ಸಾವಿರ ನಿರೀಕ್ಷಿಸುತ್ತೇನೆ.’ ಹೇಳಿ ಸುಮ್ಮನಾಗಿ. ಅವರು ಯೋಚಿಸುವ ಹೊತ್ತಿಗೆ ಗಾಬರಿಯಾಗಿ ‘ಕಡಿಮೆಯಾದರೂ ಪರವಾಗಿಲ್ಲ ಸರ್’ ಎಂದು ನೀವೇ ಇಳಿಸಬೇಡಿ.

ಸಂದರ್ಶನವಾಗಿ ಹನ್ನೆರಡು ದಿನವಾಯಿತು. ವಿಚಾರಿಸಬಹುದೇ, ಅವಸರ ಮಾಡಿದಂತಾಗುತ್ತದೆಯೇ? — ಮಡಿಕೇರಿ

ಅವರು ಹೇಳಿದ ದಿನ ದಾಟಿ ಎರಡು ಕೆಲಸದ ದಿನ ಬಿಟ್ಟು, ದಿನ ಹೇಳಿರದಿದ್ದರೆ ಒಂದು ವಾರ ಬಿಟ್ಟು ವಿಚಾರಿಸಬಹುದು. ಹಾಗಾಗಿ ಈಗಲೇ ಕಳಿಸಿ. ಫೋನಿಗಿಂತ ಇಮೇಲ್ ಮೇಲು, ಮೊದಲು ಬಂದ ಇಮೇಲ್‌ಗೇ ಉತ್ತರವಾಗಿ, ಹಳೆಯ ಸಂದೇಶ ಕೆಳಗೆ ಕಾಣುವಂತೆ. ‘ಇಂಥ ತಾರೀಖು, ಇಂಥ ಹುದ್ದೆಗೆ ಭೇಟಿಯಾಗಿದ್ದೆ. ಅಂದು ಕೇಳಿದ ಅಂಕಪಟ್ಟಿಯ ಪ್ರತಿ ಲಗತ್ತಿಸಿದ್ದೇನೆ. ಮುಂದಿನ ಹಂತ ಯಾವಾಗ ಎಂದು ತಿಳಿಸಿದರೆ ಉಪಕಾರ.’ ಇಷ್ಟೇ. ಅಂದು ಉತ್ತರ ಹೊಳೆಯದೆ ಹೋದ ಪ್ರಶ್ನೆ ಇದ್ದರೆ ಎರಡು ಸಾಲಿನಲ್ಲಿ ಉತ್ತರ ಸೇರಿಸಬಹುದು, ಮೂರನೇ ಸಾಲು ಬೇಡ. ಒಂದು ವಾರ ಬಿಟ್ಟು ಇನ್ನೊಂದು ಸಲ. ಅದಕ್ಕೂ ಉತ್ತರವಿಲ್ಲದಿದ್ದರೆ ಆ ಸಾಲನ್ನು ನಿಮ್ಮ ಪಟ್ಟಿಯಲ್ಲಿ ಹೊಡೆದುಹಾಕಿ.